ಪರದೆಯ ಮೇಲಿನ ಮಾತು ಯಾರದು?

ಮಳೆಗಾಲದ ಸಂಜೆ ಹೋಗಿದ್ದ ಕರೆಂಟು ಮರಳಿ ಬಂದ ಮೇಲೆ ಮನೆಯ ಕಂಪ್ಯೂಟರಿನ ಗುಂಡಿಯನ್ನು ಒತ್ತಿದರೆ ಪೆಟ್ಟಿಗೆಯೊಳಗಿನ ಫ್ಯಾನ್ ಸದ್ದು ಮಾಡುತ್ತ ತಿರುಗತೊಡಗುತ್ತದೆ, ಮುಂಭಾಗದ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ, ಕೀಬೋರ್ಡಿನ ದೀಪಗಳೂ ಒಮ್ಮೆ ಮಿನುಗುತ್ತವೆ. ಆದರೆ ಮೇಜಿನ ಮೇಲಿನ ಪರದೆ ಮಾತ್ರ ಕಪ್ಪಾಗಿಯೇ ಉಳಿದು, ಅದರ ನಡುವೆ ಚಿಕ್ಕದೊಂದು ಚೌಕಟ್ಟಿನಲ್ಲಿ ‘ನೋ ಸಿಗ್ನಲ್’ ಎಂಬ ಎರಡು ಪದಗಳು ತೇಲಾಡುತ್ತವೆ. ಕೆಲವು ಕ್ಷಣಗಳ ಬಳಿಕ ಆ ಪದಗಳೂ ಅಳಿದು, ಮಾನಿಟರಿನ ನೀಲಿ ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮರುದಿನ ಪರೀಕ್ಷೆಯ ಅರ್ಜಿ ತುಂಬಬೇಕಾದ ವಿದ್ಯಾರ್ಥಿಗೂ ತಿಂಗಳ ಲೆಕ್ಕಪತ್ರ ಸಲ್ಲಿಸಬೇಕಾದ ವರ್ತಕನಿಗೂ ಆ ಹೊತ್ತಿನಲ್ಲಿ ತೋಚುವುದು ಒಂದೇ: ಮಾನಿಟರ್ ಕೆಟ್ಟಿದೆ, ಹೊಸದನ್ನು ಕೊಳ್ಳಬೇಕು.

ಈ ತೀರ್ಮಾನಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುವುದು ಪರದೆಯ ಮೇಲಿನ ಆ ಎರಡು ಪದಗಳೇ. ಹಾಗೆಂದು ಬರೆದು ತೋರಿಸಬೇಕಾದರೆ ಮಾನಿಟರಿಗೆ ವಿದ್ಯುತ್ ಸರಿಯಾಗಿ ಬರುತ್ತಿರಬೇಕು, ಪರದೆಯ ಹಿಂದಿನ ಬೆಳಕು ಉರಿಯುತ್ತಿರಬೇಕು, ಅಕ್ಷರಗಳನ್ನು ಮೂಡಿಸುವ ಒಳಗಿನ ಮಂಡಲ ಕೆಲಸ ಮಾಡುತ್ತಿರಬೇಕು. ಚಿತ್ರ ಬರಲಿಲ್ಲ ಎಂಬುದನ್ನು ಮಾನಿಟರ್ ತಿಳಿಸುತ್ತಿದೆಯೇ ಹೊರತು ತಾನು ಕೆಟ್ಟಿದ್ದೇನೆ ಎಂದು ಅದು ಹೇಳುತ್ತಿಲ್ಲ. ಆದ್ದರಿಂದ ಕಂಪ್ಯೂಟರ್ ಆರಂಭವಾಗುವಾಗ ಪರದೆಯಲ್ಲಿ ಕಾಣುವ ಯಾವುದೇ ದೋಷಸಂದೇಶದ ಬಗ್ಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅದರ ಅರ್ಥವೇನು ಎಂಬುದಕ್ಕಿಂತ, ಅದನ್ನು ಬರೆದವರು ಯಾರು ಎಂಬುದಾಗಿದೆ.

ಒಂದೇ ಗಾಜು, ಮೂರು ದನಿ

ಗುಂಡಿ ಒತ್ತಿದ ಕ್ಷಣದಿಂದ ಕೆಲಸಕ್ಕೆ ಸಿದ್ಧವಾಗುವವರೆಗೆ ಒಂದೇ ಪರದೆಯನ್ನು ಮೂವರು ಒಬ್ಬರಾದ ಮೇಲೊಬ್ಬರು ಬಳಸುತ್ತಾರೆ. ಮೊದಲನೆಯದು ಮಾನಿಟರಿನೊಳಗೇ ಇರುವ ಸಣ್ಣ ನಿಯಂತ್ರಕ. ಬೆಳಕು, ಬಣ್ಣ, ಇನ್‌ಪುಟ್‌ಗಳ ಮೆನುವನ್ನು ತೋರಿಸುವುದೂ ಇದೇ. ಎರಡನೆಯದು ಮದರ್‌ಬೋರ್ಡಿನ ಚಿಪ್ ಒಂದರಲ್ಲಿ ಶಾಶ್ವತವಾಗಿ ನೆಲೆಸಿರುವ, ಯಂತ್ರವನ್ನು ಎಚ್ಚರಿಸುವ ಮೂಲ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ, ಅದರ ಸ್ಥಾನಕ್ಕೆ ಬಂದ ಹೊಸ ವ್ಯವಸ್ಥೆಗೆ ಯುಇಎಫ್‌ಐ ಎಂದೂ ಹೆಸರು. ಮೂರನೆಯದು ವಿಂಡೋಸ್ ಅಥವಾ ಲಿನಕ್ಸ್‌ನಂಥ ಕಾರ್ಯಾಚರಣಾ ವ್ಯವಸ್ಥೆ.

ಮೂರರ ಬರವಣಿಗೆಯನ್ನೂ ಕಣ್ಣಳತೆಯಲ್ಲೇ ಗುರುತಿಸಬಹುದು. ಕಪ್ಪು ಹಿನ್ನೆಲೆಯ ಮೇಲೆ ಚಿಕ್ಕ ಬಣ್ಣದ ಚೌಕದೊಳಗೆ ನಿಂತಿರುವ ಅಥವಾ ಮೂಲೆಯಿಂದ ಮೂಲೆಗೆ ಚಲಿಸುವ ಒಂದೆರಡು ಪದಗಳು ಮಾನಿಟರಿನವು. ತಯಾರಕರ ಲಾಂಛನ, ಅಥವಾ ಎಡ ಮೇಲ್ತುದಿಯಿಂದ ಸಾಲುಸಾಲಾಗಿ ಇಳಿಯುವ ಬಿಳಿಯ ಅಕ್ಷರಗಳು ಮದರ್‌ಬೋರ್ಡಿನವು. ವೃತ್ತಾಕಾರವಾಗಿ ಸುತ್ತುವ ಚುಕ್ಕೆಗಳು ಕಾಣಿಸಿಕೊಂಡ ಮೇಲೆ ಬರುವುದೆಲ್ಲ ಕಾರ್ಯಾಚರಣಾ ವ್ಯವಸ್ಥೆಗೆ ಸೇರಿದ್ದು. ಕಾಲುವೆಯ ಕೊನೆಯಂಚಿನ ಗದ್ದೆ ಒಣಗಿದೆ ಎಂದರೆ ಗದ್ದೆಯ ಮಣ್ಣೇ ಕೆಟ್ಟಿದೆ ಎಂದಲ್ಲ, ತೂಬು ಮುಚ್ಚಿರಬಹುದು, ನಡುವೆ ಏರಿ ಒಡೆದಿರಬಹುದು; ಮಾನಿಟರ್ ಕೂಡ ಚಿತ್ರದ ದಾರಿಯ ತುತ್ತತುದಿಯಲ್ಲಿ ಕುಳಿತಿರುವುದರಿಂದ ಮೇಲಿನ ಎಲ್ಲ ತೊಂದರೆಗಳೂ ಅಲ್ಲಿಯೇ ಬಂದು ಕಾಣಿಸಿಕೊಳ್ಳುತ್ತವೆ.

ಮಾನಿಟರ್ ತಾನೇ ನುಡಿದಾಗ

ಮಾನಿಟರಿನ ಆರೋಗ್ಯವನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಕಿಲ್ಲ. ವಿದ್ಯುತ್ ತಂತಿಯನ್ನು ಹಾಗೆಯೇ ಬಿಟ್ಟು, ಕಂಪ್ಯೂಟರಿನಿಂದ ಬರುವ ಚಿತ್ರದ ಕೇಬಲ್ಲನ್ನು ಮಾತ್ರ ಬಿಚ್ಚಿ, ಮಾನಿಟರನ್ನು ಆರಿಸಿ ಮತ್ತೆ ಹೊತ್ತಿಸಿದರೆ ಅದು ಕೇಬಲ್ ಇಲ್ಲವೆಂದೋ ಸಿಗ್ನಲ್ ಇಲ್ಲವೆಂದೋ ತಾನಾಗಿ ಹೇಳಬೇಕು. ಹೇಳಿದರೆ ಅದರ ಪರದೆ, ಬೆಳಕು, ವಿದ್ಯುತ್ ಭಾಗ ಮೂರೂ ಸುಸ್ಥಿತಿಯಲ್ಲಿವೆ. ಅದರ ಮೆನು ಗುಂಡಿಯನ್ನು ಒತ್ತಿದಾಗ ಮೆನು ಮೂಡಿದರೂ ಅದೇ ಅರ್ಥ. ಇಷ್ಟನ್ನು ನೋಡಿಕೊಳ್ಳುವ ಮೊದಲು ಮಾನಿಟರನ್ನು ಅಂಗಡಿಗೆ ಹೊತ್ತೊಯ್ಯುವುದು ಅನಗತ್ಯ ಶ್ರಮ.

ಇನ್‌ಪುಟ್ ಆಯ್ಕೆ ಇನ್ನೊಂದು ಸಾಮಾನ್ಯ ಕಾರಣ. ಈಗಿನ ಮಾನಿಟರ್‌ಗಳ ಬೆನ್ನಿನಲ್ಲಿ ವಿಜಿಎ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎಂದು ಎರಡು ಮೂರು ಬಗೆಯ ಸಂಪರ್ಕದ್ವಾರಗಳಿದ್ದು, ಮಾನಿಟರ್ ಒಂದು ಹೊತ್ತಿಗೆ ಒಂದನ್ನೇ ಆಲಿಸುತ್ತದೆ. ಕೇಬಲ್ ಎಚ್‌ಡಿಎಂಐ ದ್ವಾರದಲ್ಲಿದ್ದು ಆಯ್ಕೆ ಮಾತ್ರ ವಿಜಿಎ ಮೇಲೆ ನಿಂತಿದ್ದರೆ ಎಲ್ಲವೂ ಸರಿಯಿದ್ದರೂ ‘ನೋ ಸಿಗ್ನಲ್’ ಎಂದೇ ಬರುತ್ತದೆ.

ಕಂಪ್ಯೂಟರಿನ ಕಡೆಯಲ್ಲೂ ಇದೇ ಬಗೆಯ ಎಡವಟ್ಟಿಗೆ ಅವಕಾಶವಿದೆ. ಮನೆಮಾತಿನಲ್ಲಿ ಸಿಪಿಯು ಎಂದೇ ಕರೆಸಿಕೊಳ್ಳುವ ಪೆಟ್ಟಿಗೆಯ ಹಿಂಭಾಗದಲ್ಲಿ, ಯುಎಸ್‌ಬಿ ರಂಧ್ರಗಳ ಪಕ್ಕದಲ್ಲಿ ಒಂದು ಚಿತ್ರದ್ವಾರವೂ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಅದಕ್ಕಿಂತ ಕೆಳಗೆ ಅಡ್ಡಲಾಗಿ ಇನ್ನೊಂದು ಗುಂಪೂ ಇರುತ್ತದೆ. ಕಾರ್ಡ್ ಕೂರಿಸಿದ ಬಳಿಕ ಅನೇಕ ಮದರ್‌ಬೋರ್ಡುಗಳು ತಮ್ಮ ಸ್ವಂತ ದ್ವಾರವನ್ನು ಮುಚ್ಚಿಬಿಡುವುದರಿಂದ ಕೇಬಲ್ ಕಾರ್ಡಿನಲ್ಲೇ ಇರಬೇಕು. ಇದಕ್ಕೂ ಮಿಗಿಲಾದ ಒಂದು ಗೊಂದಲ 2019ರಿಂದೀಚೆಗೆ ಹೆಚ್ಚಾಗಿದೆ. ಇಂಟೆಲ್ ಸಂಸ್ಥೆ ಆ ಕಾಲದಿಂದ, ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುವ ಮನೆಬಳಕೆಯ ಪ್ರೊಸೆಸರ್‌ಗಳನ್ನು ಚಿತ್ರ ರೂಪಿಸುವ ಭಾಗವನ್ನು ಕೈಬಿಟ್ಟು ಮಾರುತ್ತಿದೆ. ಎಎಂಡಿಯ ರೈಜನ್ ಸರಣಿಯಲ್ಲೂ 2022ರ 7000 ಮಾಲಿಕೆ ಬರುವವರೆಗೆ, ಹೆಸರಿನಲ್ಲಿ ‘ಜಿ’ ಇಲ್ಲದ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆ ಭಾಗವಿರಲಿಲ್ಲ. ಇಂಥ ಪ್ರೊಸೆಸರ್ ಇರುವ ಯಂತ್ರದಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ದ್ವಾರ ಕಣ್ಣಿಗೆ ಕಾಣುತ್ತದೆ, ಕೇಬಲ್ ಸಲೀಸಾಗಿ ಕೂರುತ್ತದೆ, ಚಿತ್ರ ಮಾತ್ರ ಎಂದಿಗೂ ಬರುವುದಿಲ್ಲ.

ಕೇಬಲ್ಲಿನಲ್ಲಿ ಹಿಂದಕ್ಕೆ ಹರಿಯುವ ಮಾಹಿತಿ

ಕೇಬಲ್ ಎಂದರೆ ಕಂಪ್ಯೂಟರಿನಿಂದ ಮಾನಿಟರಿಗೆ ಚಿತ್ರ ಸಾಗಿಸುವ ಏಕಮುಖ ದಾರಿ ಎಂಬ ಭಾವನೆ ಸಾಮಾನ್ಯವಾಗಿದ್ದರೂ, ಚಿತ್ರ ಹೊರಡುವುದಕ್ಕೆ ಮುನ್ನವೇ ಅದರಲ್ಲಿ ಮಾನಿಟರಿನಿಂದ ಕಂಪ್ಯೂಟರಿಗೆ ಒಂದು ಪುಟ್ಟ ಪರಿಚಯಪತ್ರ ಸಾಗುತ್ತದೆ. ವೀಡಿಯೊ ಉಪಕರಣಗಳ ಮಾನಕಗಳನ್ನು ರೂಪಿಸುವ ವೆಸಾ ಎಂಬ ತಯಾರಕರ ಒಕ್ಕೂಟ 1994ರಲ್ಲಿ ಜಾರಿಗೆ ತಂದ ಈ ಪತ್ರಕ್ಕೆ ಇಡಿಐಡಿ ಎಂದು ಹೆಸರು. ಅದರ ಮೂಲ ಭಾಗ ಕೇವಲ 128 ಬೈಟುಗಳಷ್ಟು, ಅಂದರೆ ಈ ಪುಟದ ಒಂದೆರಡು ಸಾಲುಗಳಿಗೂ ಸಾಲದಷ್ಟು ಚಿಕ್ಕದು. ತಯಾರಕರು ಯಾರು, ಯಾವ ವರ್ಷದ ಯಾವ ವಾರ ತಯಾರಾಯಿತು, ಪರದೆ ಎಷ್ಟು ಸೆಂಟಿಮೀಟರ್ ಅಗಲ, ಎಷ್ಟು ಚುಕ್ಕೆಗಳ ಚಿತ್ರವನ್ನು ಎಂಥ ವೇಗದಲ್ಲಿ ತೋರಿಸಬಲ್ಲದು ಎಂಬ ವಿವರಗಳೆಲ್ಲ ಅದರಲ್ಲಿ ಅಡಕವಾಗಿವೆ. ಅದನ್ನು ಓದಲು ಬೇಕಾದ 5 ವೋಲ್ಟ್ ವಿದ್ಯುತ್ತನ್ನು ಕಂಪ್ಯೂಟರ್ ಅದೇ ಕೇಬಲ್ಲಿನ ಮೂಲಕ ಒದಗಿಸಬಲ್ಲದು.

ಹದಿನೈದು ಪಿನ್‌ಗಳ ವಿಜಿಎ ಕೇಬಲ್ಲಿನಲ್ಲಿ 12 ಮತ್ತು 15ನೆಯ ಪಿನ್‌ಗಳು ಈ ಪತ್ರವ್ಯವಹಾರಕ್ಕೆ ಮೀಸಲು. ಅವು ಬಾಗಿದ್ದರೆ ಅಥವಾ ಅಗ್ಗದ ಕೇಬಲ್ಲಿನಲ್ಲಿ ಅವುಗಳ ತಂತಿಯೇ ಇಲ್ಲದಿದ್ದರೆ ಚಿತ್ರವೇನೋ ಬರುತ್ತದೆ, ಆದರೆ ಎದುರಿಗಿರುವ ಮಾನಿಟರ್ ಯಾವುದೆಂದು ತಿಳಿಯದ ಕಂಪ್ಯೂಟರ್ ಕಡಿಮೆ ಸ್ಪಷ್ಟತೆಯ, ಹಿಗ್ಗಿದಂತಿರುವ ಚಿತ್ರವನ್ನೇ ಕಳುಹಿಸುತ್ತದೆ. ಎಚ್‌ಡಿಎಂಐನಲ್ಲಿ 19ನೆಯ ಪಿನ್‌ಗೆ ಇನ್ನೂ ದೊಡ್ಡ ಹೊಣೆಯಿದೆ: ಮಾನಿಟರ್ ಜೋಡಣೆಯಾಗಿದೆ ಎಂಬ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಅದೇ. ಆ ಒಂದು ಸಂಪರ್ಕ ಸಡಿಲವಾದರೆ ಎದುರಿಗೆ ಯಾರೂ ಇಲ್ಲವೆಂದು ಭಾವಿಸಿ ಕಂಪ್ಯೂಟರ್ ಚಿತ್ರವನ್ನು ಕಳುಹಿಸದೇ ಇರಬಹುದು. ಎರಡೂ ತುದಿಗಳನ್ನು ಪೂರ್ತಿ ಕಳಚಿ, ಧೂಳನ್ನು ಊದಿ, ಗಟ್ಟಿಯಾಗಿ ಮರಳಿ ಕೂರಿಸುವ ಸರಳ ಕೆಲಸ ಅನೇಕ ಬಾರಿ ಫಲಿಸುವುದು ಈ ಕಾರಣದಿಂದ.

ವಿಜಿಎ ಪ್ಲಗ್ಗಿನ ಮಧ್ಯದ ಸಾಲಿನಲ್ಲಿ ಒಂದು ಪಿನ್ ಇಲ್ಲದಿರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಆ 9ನೆಯ ಪಿನ್ ಹಲವು ಕೇಬಲ್‌ಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ; ಅದು ಮುರಿದದ್ದಲ್ಲ. ಇಡೀ ಚಿತ್ರ ಹಳದಿಯಾಗಿ ಕಂಡರೆ ನೀಲಿ ಬಣ್ಣದ ತಂತಿಯೂ, ಗುಲಾಬಿ-ನೇರಳೆಯಾಗಿ ಕಂಡರೆ ಹಸಿರಿನ ತಂತಿಯೂ, ಹಸಿರು-ನೀಲಿಯಾಗಿ ಕಂಡರೆ ಕೆಂಪಿನ ತಂತಿಯೂ ಕಡಿದಿದೆ ಎಂದು ತಿಳಿಯಬಹುದು.

ತಾಳ ತಪ್ಪಿದ ಚಿತ್ರ

‘ಔಟ್ ಆಫ್ ರೇಂಜ್’ ಅಥವಾ ‘ಇನ್‌ಪುಟ್ ನಾಟ್ ಸಪೋರ್ಟೆಡ್’ ಎಂಬ ಸಂದೇಶವೂ ಮಾನಿಟರಿನದೇ, ಆದರೆ ಅದರ ಅರ್ಥ ‘ನೋ ಸಿಗ್ನಲ್’ಗೆ ತೀರ ವಿರುದ್ಧ: ಚಿತ್ರ ಬರುತ್ತಿದೆ, ಅದರ ವೇಗವನ್ನು ಹಿಡಿಯಲು ಮಾನಿಟರಿಗೆ ಆಗುತ್ತಿಲ್ಲ.

1987ರಲ್ಲಿ ಐಬಿಎಂ ಸಂಸ್ಥೆ ತನ್ನ ಪಿಎಸ್/2 ಕಂಪ್ಯೂಟರ್‌ಗಳೊಂದಿಗೆ ತಂದ ವಿಜಿಎ ಮಾನಕದಲ್ಲಿ ಚಿತ್ರವೆಂದರೆ ಅಡ್ಡಕ್ಕೆ 640, ಉದ್ದಕ್ಕೆ 480 ಚುಕ್ಕೆಗಳು. ಕಣ್ಣಿಗೆ ಕಾಣದ ಅಂಚಿನ ಸಾಲುಗಳನ್ನೂ ಸೇರಿಸಿ ಒಟ್ಟು 525 ಸಾಲುಗಳನ್ನು ಸೆಕೆಂಡಿಗೆ ಸುಮಾರು 60 ಬಾರಿ ಎಳೆಯಬೇಕಾಗಿದ್ದರಿಂದ, ಮಾನಿಟರ್ ಸೆಕೆಂಡಿಗೆ ಸುಮಾರು 31,500 ಸಾಲುಗಳ ತಾಳಕ್ಕೆ ಹೊಂದಿಕೊಂಡಿರಬೇಕಿತ್ತು. 1024×768 ಚುಕ್ಕೆಗಳ ಚಿತ್ರವನ್ನು ಅದೇ 60ರ ವೇಗದಲ್ಲಿ ತೋರಿಸಲು ಆ ತಾಳ 48,000 ದಾಟಬೇಕು. ಇಂದು ಸಾಮಾನ್ಯವಾಗಿರುವ 1920×1080ರ ಪರದೆಯಲ್ಲಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳನ್ನು ಬರೆಯಲಾಗುತ್ತದೆ. ಮಾನಿಟರಿನ ಶಕ್ತಿಗೆ ಮೀರಿದ ವೇಗವನ್ನು ಯಾರೋ ಆಯ್ಕೆ ಮಾಡಿದ್ದರೆ, ಅಥವಾ ಹೊಸ ಯಂತ್ರಕ್ಕೆ ಹಳೆಯ ಮಾನಿಟರನ್ನು ಜೋಡಿಸಿದ್ದರೆ ಈ ತಾಳ ತಪ್ಪುತ್ತದೆ. ಹಳೆಯ ಗಾಜಿನ ಕೊಳವೆಯ ಮಾನಿಟರ್‌ಗಳ ಕಾಲದಲ್ಲಿ ಇಂಥ ತಪ್ಪು ವೇಗ ಒಳಗಿನ ಭಾಗಗಳಿಗೆ ಹಾನಿ ಮಾಡುವ ಅಪಾಯವೂ ಇತ್ತು; ಈಗಿನವು ಚಿತ್ರವನ್ನು ನಿರಾಕರಿಸಿ ಸುಮ್ಮನಾಗುತ್ತವೆ.

ವಿಂಡೋಸ್‌ನಲ್ಲಿ ಪರದೆಯ ಅಳತೆ ಬದಲಿಸಿದಾಗ ಹದಿನೈದು ಸೆಕೆಂಡುಗಳೊಳಗೆ ದೃಢೀಕರಿಸದಿದ್ದರೆ ಹಳೆಯ ಸ್ಥಿತಿಗೆ ಮರಳುವ ಏರ್ಪಾಡು ಇರುವುದು ಇದಕ್ಕಾಗಿಯೇ. ಆದ್ದರಿಂದ ಪರದೆ ಕಪ್ಪಾದೊಡನೆ ಎಂಟರ್ ಕೀಲಿಯನ್ನು ಪದೇ ಪದೇ ಒತ್ತದೆ, ಏನನ್ನೂ ಮುಟ್ಟದೆ ಕಾಯುವುದೇ ಸರಿ.

ಚಿತ್ರಕ್ಕಿಂತ ಮೊದಲು ಬರುವ ಸದ್ದು

ಮಾನಿಟರ್, ಕೇಬಲ್, ದ್ವಾರ ಎಲ್ಲವೂ ಸರಿಯಿದ್ದು ಲಾಂಛನವೇ ಮೂಡದಿದ್ದರೆ ಗಮನ ಪೆಟ್ಟಿಗೆಯತ್ತ ತಿರುಗಬೇಕು. ವಿದ್ಯುತ್ ಬಂದೊಡನೆ ಮದರ್‌ಬೋರ್ಡಿನ ಮೂಲ ತಂತ್ರಾಂಶ ಪ್ರೊಸೆಸರ್, ಸ್ಮರಣೆಯಾದ ರ‍್ಯಾಮ್, ಗ್ರಾಫಿಕ್ಸ್ ಮುಂತಾದವನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಈ ಸ್ವಯಂಪರೀಕ್ಷೆಗೆ ಪೋಸ್ಟ್ ಎಂದು ಹೆಸರು. ಚಿತ್ರವನ್ನು ತೋರಿಸುವ ಭಾಗ ಸಿದ್ಧವಾಗುವ ಮುನ್ನವೇ ಪರೀಕ್ಷೆ ಮುಗ್ಗರಿಸಿದರೆ ಅದನ್ನು ಪರದೆಯ ಮೇಲೆ ಬರೆದು ತಿಳಿಸಲು ದಾರಿಯಿಲ್ಲ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ ಶಿಲ್ಪಿಗಳು ಈ ತೊಡಕನ್ನು ಸದ್ದಿನಿಂದ ಬಗೆಹರಿಸಿದರು. ಒಂದು ಗಿಡ್ಡ ಬೀಪ್ ಎಂದರೆ ಎಲ್ಲವೂ ಕ್ಷೇಮ, ಒಂದು ಉದ್ದ ಮತ್ತು ಎರಡು ಗಿಡ್ಡ ಬೀಪ್ ಎಂದರೆ ಚಿತ್ರದ ಕಾರ್ಡಿನಲ್ಲಿ ತೊಂದರೆ. ಮುಂದೆ ಬಯಾಸ್ ತಯಾರಿಸಿದ ಪ್ರತಿ ಸಂಸ್ಥೆಯೂ ತನ್ನದೇ ಸಂಕೇತ ರೂಢಿಸಿಕೊಂಡಿತು: ಅವಾರ್ಡ್ ಬಯಾಸ್ ಆ ಉದ್ದ-ಗಿಡ್ಡ ಕ್ರಮವನ್ನೇ ಉಳಿಸಿಕೊಂಡರೆ, ಎಎಂಐ ಬಯಾಸಿನಲ್ಲಿ ಮೂರು ಬೀಪ್ ರ‍್ಯಾಮ್ ದೋಷವನ್ನೂ ಎಂಟು ಬೀಪ್ ಚಿತ್ರದ ಸ್ಮರಣೆಯ ದೋಷವನ್ನೂ ಸೂಚಿಸಿತು. ಆದ್ದರಿಂದ ಬೀಪುಗಳನ್ನು ಎಣಿಸಿದರಷ್ಟೇ ಸಾಲದು, ಮದರ್‌ಬೋರ್ಡಿನ ಕೈಪಿಡಿಯೊಂದಿಗೆ ತಾಳೆ ನೋಡಬೇಕು.

ಹೊಸ ಪೆಟ್ಟಿಗೆಗಳಲ್ಲಿ ಬೀಪ್ ಮಾಡುವ ಪುಟ್ಟ ಸ್ಪೀಕರನ್ನೇ ಕೈಬಿಡಲಾಗುತ್ತಿದ್ದು, ಅದರ ಬದಲಿಗೆ ಅನೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಹೆಸರಿನ ನಾಲ್ಕು ಸಣ್ಣ ದೀಪಗಳಿರುತ್ತವೆ. ಪರೀಕ್ಷೆ ಎಲ್ಲಿ ನಿಂತಿತೋ ಆ ದೀಪ ಉರಿಯುತ್ತಲೇ ಉಳಿಯುತ್ತದೆ. ಒಂದು ಎಚ್ಚರಿಕೆ ಇಲ್ಲಿ ಅಗತ್ಯ: ಡಿಡಿಆರ್5 ಬಗೆಯ ಹೊಸ ರ‍್ಯಾಮ್ ಇರುವ ಯಂತ್ರ ಮೊದಲ ಬಾರಿ ಆರಂಭವಾಗುವಾಗ ಆ ರ‍್ಯಾಮ್‌ಗೆ ಹೊಂದುವ ವೇಗವನ್ನು ಪರೀಕ್ಷಿಸಿ ನಿಗದಿಪಡಿಸಿಕೊಳ್ಳುತ್ತ ಕೆಲವು ನಿಮಿಷಗಳವರೆಗೂ ಕಪ್ಪು ಪರದೆಯಲ್ಲೇ ಇರಬಹುದು. ಅವಸರಪಟ್ಟು ನಡುವೆ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ರ‍್ಯಾಮ್, ರಬ್ಬರ್ ಮತ್ತು ತೇವ

ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಸಂಪರ್ಕರೇಖೆಗಳಿವೆ. ಮಲೆನಾಡು ಮತ್ತು ಕರಾವಳಿಯ ತಿಂಗಳುಗಟ್ಟಲೆಯ ತೇವವಾಗಲಿ, ಬಯಲುಸೀಮೆಯ ಧೂಳಾಗಲಿ ಅವುಗಳ ಮೇಲೆ ಪದರವಾಗಿ ಕೂತಾಗ ಸಂಪರ್ಕ ದುರ್ಬಲಗೊಂಡು ಯಂತ್ರ ಎಚ್ಚರಗೊಳ್ಳುವುದೇ ಇಲ್ಲ. ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಅಂಚನ್ನು ಉಜ್ಜಿ ಮರಳಿ ಕೂರಿಸುವ ರೂಢಿ ಹುಟ್ಟಿದ್ದು ಹೀಗೆ. ಕ್ರಮವರಿತು ಮಾಡಿದರೆ ಮನೆಯಲ್ಲೂ ಮಾಡಬಹುದಾದ ಕೆಲಸವಿದು. ಮೊದಲು ಗೋಡೆಯ ಸ್ವಿಚ್ಚನ್ನು ಆರಿಸಿ ತಂತಿಯನ್ನು ಕಳಚಬೇಕು, ಉಳಿದ ವಿದ್ಯುತ್ ಇಳಿದುಹೋಗುವಂತೆ ಪೆಟ್ಟಿಗೆಯ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಬೇಕು, ಮೈಯಲ್ಲಿ ಸಂಗ್ರಹವಾಗಿರುವ ಸ್ಥಿರವಿದ್ಯುತ್ ಚಿಪ್‌ಗಳನ್ನು ಸುಡದಂತೆ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಬಿಳಿಯ ಮೃದು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಉಳಿಯದಂತೆ ಒರೆಸಿ, ಎರಡೂ ತುದಿಯ ಕೊಂಡಿಗಳು ಟಕ್ಕೆಂದು ಕೂರುವವರೆಗೆ ನೇರವಾಗಿ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಿದಾಗ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡಿಗೂ ಇದೇ ಉಪಚಾರ ಸಲ್ಲುತ್ತದೆ. ಅದು ಕೂರುವ ಸ್ಲಾಟ್ 75 ವ್ಯಾಟ್‌ಗಳವರೆಗೆ ಮಾತ್ರ ವಿದ್ಯುತ್ ಕೊಡಬಲ್ಲದಾದ್ದರಿಂದ ದೊಡ್ಡ ಕಾರ್ಡುಗಳಿಗೆ ಆರು ಅಥವಾ ಎಂಟು ಪಿನ್‌ಗಳ ಪ್ರತ್ಯೇಕ ತಂತಿ ಬೇಕು. ಅದು ಕಳಚಿದ್ದರೆ ಫ್ಯಾನ್ ತಿರುಗಿದರೂ ಚಿತ್ರ ಬಾರದಿರಬಹುದು. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯಾಸಿನ ಆಯ್ಕೆಗಳೆಲ್ಲ ಮೂಲಸ್ಥಿತಿಗೆ ಮರಳುವುದರಿಂದ, ತಪ್ಪು ಆಯ್ಕೆಯಿಂದ ಕಪ್ಪಾದ ಪರದೆ ಮತ್ತೆ ಬೆಳಗುವುದುಂಟು.

ಲಾಂಛನ ಬಂದು ಮಾಯವಾದರೆ

ತಯಾರಕರ ಲಾಂಛನ ಸ್ಪಷ್ಟವಾಗಿ ಮೂಡಿ, ವಿಂಡೋಸ್ ಆರಂಭವಾಗುವ ಹಂತದಲ್ಲಿ ಪರದೆ ಕಪ್ಪಾದರೆ ಮಾನಿಟರ್, ಕೇಬಲ್, ರ‍್ಯಾಮ್‌ಗಳ ಮೇಲಿನ ಸಂಶಯವನ್ನು ಬಹುಮಟ್ಟಿಗೆ ಬದಿಗಿಡಬಹುದು. ಆ ಕ್ಷಣದಲ್ಲಿ ನಡೆಯುವುದು ಒಂದು ಹಸ್ತಾಂತರ: ಅಲ್ಲಿಯವರೆಗೆ ಸರಳ ಚಿತ್ರವನ್ನು ತೋರಿಸುತ್ತಿದ್ದ ಮೂಲ ತಂತ್ರಾಂಶ ಹಿಂದೆ ಸರಿದು, ಗ್ರಾಫಿಕ್ಸ್ ಭಾಗವನ್ನು ನಡೆಸುವ ಹೊಣೆಯನ್ನು ಡ್ರೈವರ್ ಎಂಬ ಪ್ರತ್ಯೇಕ ತಂತ್ರಾಂಶ ವಹಿಸಿಕೊಳ್ಳುತ್ತದೆ. ಅರೆಬರೆ ಅಪ್‌ಡೇಟ್ ಆದ ಅಥವಾ ಕಾರ್ಡಿಗೆ ಒಗ್ಗದ ಡ್ರೈವರ್ ಇಲ್ಲಿಯೇ ಎಡವುತ್ತದೆ.

ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಎಂಬ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರ್ ಮರು ಆರಂಭಗೊಳ್ಳುತ್ತದೆ. ಅದು ಫಲಿಸದಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ಆರಂಭದ ಹಂತದಲ್ಲೇ ಯಂತ್ರವನ್ನು ಸತತ ಎರಡು ಮೂರು ಬಾರಿ ಆರಿಸಿದಾಗ ದುರಸ್ತಿಯ ನೀಲಿ ಪರದೆ ತೆರೆದುಕೊಳ್ಳುತ್ತದೆ. ಅದರ ಆರಂಭದ ಆಯ್ಕೆಗಳ ಪಟ್ಟಿಯಲ್ಲಿ 3 ಒತ್ತಿದರೆ ಕಡಿಮೆ ಸ್ಪಷ್ಟತೆಯ ಚಿತ್ರವೂ, 4 ಒತ್ತಿದರೆ ಅನಿವಾರ್ಯ ಭಾಗಗಳನ್ನಷ್ಟೇ ಹೊತ್ತ ಸೇಫ್ ಮೋಡ್ ಕೂಡ ದೊರೆಯುತ್ತದೆ. ಅಲ್ಲಿಂದ ಹೊಸ ಡ್ರೈವರನ್ನು ತೆಗೆದುಹಾಕಬಹುದು. ಡಿಸ್ಕನ್ನು ಬಿಟ್‌ಲಾಕರ್‌ನಿಂದ ಬೀಗ ಹಾಕಿದ್ದಲ್ಲಿ ಈ ಹಾದಿಯಲ್ಲಿ ಅದರ ಉದ್ದನೆಯ ಅಂಕಿಯ ಕೀಲಿ ಬೇಕಾಗುವುದರಿಂದ ಅದನ್ನು ಮುಂಚಿತವಾಗಿ ಕಾಗದದ ಮೇಲೆ ಬರೆದಿಡುವುದು ಜಾಣತನ. ಲಿನಕ್ಸ್ ಬಳಸುವವರು ಆರಂಭದ ಸಾಲಿಗೆ ‘ನೋಮೋಡ್‌ಸೆಟ್’ ಎಂಬ ಆಜ್ಞೆ ಸೇರಿಸಿ ಇದೇ ಫಲ ಪಡೆಯುತ್ತಾರೆ.

ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಎಂಬುದು ಅನೇಕ ಯಂತ್ರಗಳಲ್ಲಿ ಪೂರ್ಣ ವಿರಾಮವಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಬೇಗ ಆರಂಭವಾಗಲೆಂದು ವ್ಯವಸ್ಥೆಯ ತಿರುಳನ್ನು, ಅದರೊಂದಿಗೆ ಡ್ರೈವರ್‌ಗಳ ಸ್ಥಿತಿಯನ್ನೂ ಡಿಸ್ಕಿನಲ್ಲಿ ಉಳಿಸಿಡುವುದರಿಂದ ಸಂಜೆಯ ದೋಷ ಬೆಳಗ್ಗೆಗೂ ಉಳಿಯುತ್ತದೆ. ‘ರೀಸ್ಟಾರ್ಟ್’ ಮಾತ್ರ ಎಲ್ಲವನ್ನೂ ಹೊಸದಾಗಿ ತುಂಬುತ್ತದೆ.

ಬೆಳಕಿಲ್ಲದ ಚಿತ್ರ

ಮಾನಿಟರ್ ನಿಜವಾಗಿಯೂ ಕೆಟ್ಟಿರುವ ಸಂದರ್ಭಗಳೂ ಇವೆ, ಅವುಗಳಲ್ಲಿ ಒಂದನ್ನು ಟಾರ್ಚ್ ಹಿಡಿದೇ ಪತ್ತೆ ಹಚ್ಚಬಹುದು. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಸಣ್ಣ ಟ್ಯೂಬ್‌ಗಳು, ಈಗ ಎಲ್‌ಇಡಿ ಸಾಲುಗಳು ಅದಕ್ಕೆ ಹಿಂಬದಿಯಿಂದ ಬೆಳಕು ಕೊಡುತ್ತವೆ. ಕೋಣೆಯನ್ನು ಕತ್ತಲೆ ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ ಕಂಪ್ಯೂಟರೂ ಕೇಬಲ್ಲೂ ಪರದೆಯೂ ಸರಿಯಿದ್ದು ಹಿಂಬೆಳಕು ಮಾತ್ರ ಹೋಗಿದೆ. ಮುಂಭಾಗದ ಸೂಚಕ ದೀಪವೇ ಹೊತ್ತದಿದ್ದರೆ, ಅಥವಾ ಹೊತ್ತಿ ಹೊತ್ತಿ ಆರುತ್ತಿದ್ದರೆ, ಮಾನಿಟರಿನ ವಿದ್ಯುತ್ ಹಲಗೆಯಲ್ಲಿ ತಲೆ ಉಬ್ಬಿದ ಕೆಪಾಸಿಟರ್‌ಗಳಿರುವ ಸಾಧ್ಯತೆಯಿದೆ. ಇವೆರಡೂ ಬಿಡಿಭಾಗ ಬದಲಿಸಿ ಸರಿಪಡಿಸಬಹುದಾದ ದೋಷಗಳು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಕೆಪಾಸಿಟರಿನ ಬೆಲೆ ಹೊಸ ಮಾನಿಟರಿನ ಬೆಲೆಯ ಎದುರು ಲೆಕ್ಕಕ್ಕೇ ಬಾರದು.

ಆದರೆ ಇದು ಬಲ್ಲವರ ಕೈಗೆ ಒಪ್ಪಿಸಬೇಕಾದ ಕೆಲಸ. 230 ವೋಲ್ಟ್‌ನ ಮನೆವಿದ್ಯುತ್ತನ್ನು ನೇರಗೊಳಿಸುವ ಭಾಗದಲ್ಲಿ ಸುಮಾರು 325 ವೋಲ್ಟ್ ಶೇಖರವಾಗಿರುತ್ತದೆ, ತಂತಿ ಕಳಚಿದ ಮೇಲೂ ಅದು ಕೆಲಕಾಲ ಉಳಿದಿರಬಹುದು. ಪೆಟ್ಟಿಗೆಯೊಳಗೆ ಎಸ್‌ಎಂಪಿಎಸ್ ಎಂದು ಕರೆಯುವ ವಿದ್ಯುತ್ ಘಟಕವನ್ನೂ ಮಾನಿಟರಿನ ಬೆನ್ನನ್ನೂ ಮನೆಯಲ್ಲಿ ಬಿಚ್ಚಬಾರದು. ಹಳೆಯ ಗಾಜಿನ ಕೊಳವೆಯ ಬಣ್ಣದ ಮಾನಿಟರ್‌ಗಳಲ್ಲಿ ಒಳಗಿನ ವಿದ್ಯುತ್ ಒತ್ತಡ 25,000 ವೋಲ್ಟ್‌ಗಳ ಸುತ್ತ ಇರುತ್ತದೆ.

ಅಂಗಡಿಗೆ ಒಯ್ಯುವಾಗ ‘ಡಿಸ್‌ಪ್ಲೇ ಬರ್ತಿಲ್ಲ’ ಎಂದಷ್ಟೇ ಹೇಳುವ ಬದಲು ಪರದೆಯ ಮೇಲೆ ಕಂಡ ಪದಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದು, ಲಾಂಛನ ಮೂಡಿತೇ ಇಲ್ಲವೇ, ಬೀಪ್ ಎಷ್ಟು, ಬೇರೊಂದು ಮಾನಿಟರ್ ಅಥವಾ ಟಿವಿಗೆ ಜೋಡಿಸಿದಾಗ ಏನಾಯಿತು ಎಂಬುದನ್ನು ತಿಳಿಸಿದರೆ ರಿಪೇರಿ ಮಾಡುವವರ ಹುಡುಕಾಟದ ಅರ್ಧಭಾಗ ಅಲ್ಲಿಯೇ ಮುಗಿಯುತ್ತದೆ, ಕೆಡದ ಭಾಗಕ್ಕೆ ಹಣ ತೆರುವುದೂ ತಪ್ಪುತ್ತದೆ. ರಿಪೇರಿಗೆ ಒಗ್ಗದಷ್ಟು ಹಳೆಯದಾದ ಮಾನಿಟರನ್ನು ಗುಜರಿಯವರಿಗೆ ಕೊಡುವಂತಿಲ್ಲ: ಗಾಜಿನ ಕೊಳವೆಯಲ್ಲಿ ಸೀಸವೂ, ಹಳೆಯ ಎಲ್‌ಸಿಡಿಗಳ ಟ್ಯೂಬ್‌ಗಳಲ್ಲಿ ಪಾದರಸವೂ ಇರುವುದರಿಂದ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅಡಿಯಲ್ಲಿ ನೋಂದಾಯಿತ ಮರುಬಳಕೆ ಘಟಕಗಳಿಗೆ ತಲುಪುವ ಸಂಗ್ರಹ ಕೇಂದ್ರಕ್ಕೇ ಅದನ್ನು ಒಪ್ಪಿಸಬೇಕು.